ಬೀಗದೊಳಗಿನ ಪೆನ್ನು

ಆಕೆಯನ್ನು ಮನೆಯಲ್ಲಿ ಚಡಪಡಿ ಎಂದೇ ಕರೆಯುತ್ತಾರೆ. ಕೂತಲ್ಲಿ ಕೂರುವ ಹುಡುಗಿಯಲ್ಲ. ಕೈಗೆ ಬಟ್ಟೆ ಸಿಕ್ಕರೆ ಮೇಜು ಒರೆಸುತ್ತಾಳೆ, ಅದು ಮುಗಿದರೆ ಕಿಟಕಿಯ ಸರಳು, ಅದೂ ಮುಗಿದರೆ ಒರೆಸಿದ ಮೇಜನ್ನೇ ಮತ್ತೊಮ್ಮೆ. ತಾಯಿ ಆಸ್ಪತ್ರೆಯಲ್ಲಿ ಆಯಾ. ಇಪ್ಪತ್ತೆರಡು ವರ್ಷ ವಾರ್ಡಿನ ನೆಲ, ಮಂಚದ ಕಾಲು ಒರೆಸಿದ ಕೈ. ಮಗಳಿಗೆ ಬಂದ ಆಸ್ತಿ ಆ ಚಟವೊಂದೇ.

ಅವಳಿಗೆ ವಿಶ್ವವಿದ್ಯಾಲಯದ ವೈದ್ಯಕೀಯ ಸಂಶೋಧನಾ ಲ್ಯಾಬಿನಲ್ಲಿ ಆರು ತಿಂಗಳ ಟ್ರೈನಿ ಜಾಗ ಸಿಕ್ಕಿತು. ಕೊನೆಗೆ ಪ್ರೊಫೆಸರ್ ಮೇಡಂ ಒಂದು ಶಿಫಾರಸು ಪತ್ರ ಬರೆದುಕೊಟ್ಟರೆ ಮುಂದಿನ ಓದು. ಕೊಡದಿದ್ದರೆ ಆರು ತಿಂಗಳೂ ದಂಡ.

"ದೊಡ್ಡವರ ಜಾಗ ಕಣೇ," ಎಂದಿದ್ದರು ತಾಯಿ. "ಕೇಳಿದ್ದಕ್ಕೆ ಉತ್ತರ, ಹೇಳಿದಷ್ಟೇ ಕೆಲಸ. ಬಾಯಿಗೆ ಹೊಲಿಗೆ ಹಾಕ್ಕೊಂಡಿರು."

ಮೊದಲ ವಾರ ಹುಡುಗಿಗೆ ಕುರ್ಚಿಯೇ ಇರಲಿಲ್ಲ. ಐದು ವರ್ಷದಿಂದ ಅಲ್ಲೇ ಪಿಎಚ್‌.ಡಿ. ಮಾಡುತ್ತಿದ್ದ ಸೀನಿಯರ್ ಅಕ್ಕನ ಬೆನ್ನ ಹಿಂದೆ ನಿಂತು ನೋಡುವುದೇ ಕೆಲಸ. "ನಿನ್ನ ಉಸಿರು ನನ್ನ ಕಿವಿಗೆ ಬೀಳ್ತಿದೆ, ಆ ಕಡೆ ನಿಲ್ಲು ಮಾರಾಯ್ತಿ!"

ಆ ಲ್ಯಾಬಿನಲ್ಲಿ ಒಂದು ಪದ್ಧತಿಯಿತ್ತು. ಸ್ಪಿರಿಟ್ ತಗುಲಿದರೂ ಅಳಿಸದ ಪೆನ್ನುಗಳು ಮೂರೇ ಮೂರು. ಅವು ಅಕ್ಕನ ಡ್ರಾಯರಿನಲ್ಲಿ, ಬೀಗದೊಳಗೆ. ಹಿಂದಿನ ಟ್ರೈನಿಗಳು ಕಳೆದುಹಾಕಿದ್ದರಂತೆ. ಹೊಸಬರು ಅಂಗಡಿಯ ಮಾಮೂಲಿ ಮಾರ್ಕರಿನಲ್ಲೇ ಬರೆಯಬೇಕು. ಬೀರುವಿನಷ್ಟೆತ್ತರದ ಫ್ರೀಜರಿನಲ್ಲಿ ನೂರಾರು ಜನರ ರಕ್ತ ಇಟ್ಟಿದ್ದಾರೆ, ಅದಕ್ಕೆ ಬೀಗವಿಲ್ಲ. ಪೆನ್ನಿಗಿದೆ! ಇಂಥ ಬುದ್ಧಿಗೆ ಏನೆನ್ನುವುದು?

ಮೂರನೆಯ ವಾರ ಎಂಟು ಟ್ಯೂಬು ಬಂದವು. ಕೀಲುನೋವಿನ ಎಂಟು ರೋಗಿಗಳ ರಕ್ತದಿಂದ ಬೇರ್ಪಡಿಸಿದ ತಿಳಿ, ಅಂದರೆ ಸೀರಂ. ನಾಲ್ವರಿಗೆ ಹೊಸ ಮಾತ್ರೆ, ನಾಲ್ವರಿಗೆ ಹಳೆಯದು. ಯಾವುದು ನಾಟಿತು ಎಂಬುದನ್ನು ಆ ತಿಳಿಯೇ ಹೇಳಬೇಕು. ಹುಡುಗಿ ಮುಚ್ಚಳಗಳ ಮೇಲೆ ಒಂದರಿಂದ ಎಂಟು ಬರೆದಳು. ಧೂಳು ಸೋಕದಂತೆ ಕೆಲಸ ಮಾಡುವ ಗಾಜಿನ ಗೂಡಿನೊಳಗೆ ಇಡುವ ಮುಂಚೆ ಎಲ್ಲವನ್ನೂ ಸ್ಪಿರಿಟ್ಟಿನಿಂದ ಒರೆಸಬೇಕೆಂದು ಅಕ್ಕ ಹೇಳಿ ಹೋದಳು. ನಮ್ಮ ಚಡಪಡಿ ಒಮ್ಮೆ ಒರೆಸಿ ಬಿಡುವವಳೇ? ಮುಚ್ಚಳ, ಕತ್ತು, ತಳ, ಮತ್ತೆ ಮುಚ್ಚಳ. ನಡುವೆ ಎರಡು ಟ್ಯೂಬು ಮೇಜಿಗೆ ಉರುಳಿದವು. ಎತ್ತಿ ಸ್ಟ್ಯಾಂಡಿನ ಖಾಲಿ ತೂತುಗಳಲ್ಲಿ ಸಿಕ್ಕಿಸಿದಳು. ಆಮೇಲೆ ಕೈಯಲ್ಲಿದ್ದ ಹತ್ತಿ ನೋಡಿದಳು. ನೀಲಿ. ಮುಚ್ಚಳಗಳು ಬೋಳು.

"ಏನೇ ಇದು?" ಅಕ್ಕ ಬಂದು ನಿಂತಿದ್ದಳು.

"ಒರೆಸಿದೆ ಅಕ್ಕಾ."

"ಒರೆಸು ಅಂದೆ. ಎಣ್ಣೆ ಹಚ್ಚಿ ಸ್ನಾನ ಮಾಡಿಸು ಅಂದ್ನಾ?" ಬಾಗಿಲತ್ತ ನೋಡಿ, ದನಿ ತಗ್ಗಿಸಿ, ಡ್ರಾಯರಿನಿಂದ ಆ ಪೆನ್ನು ತೆಗೆದಳು. "ಸಾಲಾಗಿಯೇ ಇವೆಯಲ್ಲ. ಬರೆದುಬಿಡು."

"ಎರಡು ಬಿದ್ದಿದ್ವು. ಯಾವುದು ಎಲ್ಲಿತ್ತೋ ಗೊತ್ತಿಲ್ಲ."

"ಎರಡೇ ತಾನೆ? ಸರಿಯಾಗಿರೋಕೂ ಅರ್ಧಕ್ಕರ್ಧ ಅವಕಾಶ ಇದೆ. ಮೇಡಂಗೆ ಹೇಳಿದ್ಯೋ, ನಿನ್ನ ಪತ್ರ ಹೋಯ್ತು, ನನ್ನ ಥೀಸಿಸ್ ಇನ್ನೂ ಹಿಂದಕ್ಕೆ ಬಿತ್ತು."

ಅಕ್ಕ ಕೆಟ್ಟವಳಲ್ಲ. ಐದು ವರ್ಷ "ಯಾವಾಗ ಮುಗಿಯುತ್ತೆ?" ಎಂದು ಕೇಳಿಸಿಕೊಂಡು ಕಿವಿ ತೂತಾದವಳು. ಆದರೆ ಅರ್ಧಕ್ಕರ್ಧ ಎಂದರೆ ಇನ್ನೊಬ್ಬರ ಮಂಡಿಯ ಮೇಲೆ ಜೂಜು. ಇಂಥ ಜೂಜು ಎಷ್ಟು ಲ್ಯಾಬುಗಳಲ್ಲಿ ನಡೆಯುತ್ತದೋ ನಾನರಿಯೆ. ಅರಿತವರು ಬಾಯಿ ಬಿಡುವುದಿಲ್ಲ.

"ನಾಳೆ ಬರೀತೀನಿ ಅಕ್ಕಾ," ಎಂದು ಟ್ಯೂಬುಗಳನ್ನು ಫ್ರೀಜರಿಗಿಟ್ಟು ಬಂದಳು. ಸಂಜೆ ಮನೆಯಲ್ಲಿ ಒಂದೇ ತಟ್ಟೆಯನ್ನು ಒರೆಸುತ್ತಾ ನಿಂತಿದ್ದಳು.

"ತಟ್ಟೆ ತೂತಾಗುತ್ತೆ ಬಿಡೇ. ಏನಾಯ್ತು?" ಎಂದರು ತಾಯಿ.

ಎಲ್ಲ ಹೇಳಿದಳು. ತಾಯಿ ತಟ್ಟೆ ಕಸಿದುಕೊಂಡರು. "ವಾರ್ಡಲ್ಲಿ ಒಂದ್ಸಲ ನೆಲ ಒರೆಸುವಾಗ ಎರಡು ಮಂಚಕ್ಕೆ ಸಿಕ್ಕಿಸಿದ್ದ ರೋಗಿಗಳ ಚೀಟಿ ಬಿದ್ಹೋದ್ವು. ಅಂದಾಜಲ್ಲಿ ಸಿಕ್ಕಿಸಿದೆ. ಹತ್ತು ಹೆಜ್ಜೆ ಹೋದೆ, ಹನ್ನೊಂದನೇದು ಇಡೋಕಾಗ್ಲಿಲ್ಲ. ಸಿಸ್ಟರಿಗೆ ಹೇಳ್ದೆ. ಜನ್ಮ ಜಾಲಾಡಿಬಿಟ್ರು."

"ಬಾಯಿಗೆ ಹೊಲಿಗೆ ಹಾಕ್ಕೋ ಅಂದಿದ್ದು ನೀನೇ."

"ಅಂದೆ. ಈಗ ಬಿಚ್ಚು ಅಂತಿದೀನಿ."

ಬೆಳಿಗ್ಗೆ ಮೇಡಂ ಕೋಣೆಯಲ್ಲಿ ಒಂದೇ ಉಸಿರಿಗೆ ಎಲ್ಲ ಒದರಿದಳು. ಮೇಡಂ ಕನ್ನಡಕ ತೆಗೆದರು.

"ಯಾವ ಪೆನ್ನಲ್ಲಿ ಬರೆದೆ?"

"ಅಂಗಡಿ ಮಾರ್ಕರ್. ನನ್ನ ಹತ್ರ ಅದೇ ಇತ್ತು."

ಅಕ್ಕನ ಹೆಸರು ಎತ್ತಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಕ್ಕ ತಾನಾಗಿಯೇ ಒಳಗೆ ಬಂದು ಬೀಗದಕೈ ಮೇಜಿನ ಮೇಲಿಟ್ಟಳು. "ಪೆನ್ನು ನನ್ನ ಡ್ರಾಯರಲ್ಲಿತ್ತು ಮೇಡಂ."

"ಬೀಗ ಹಾಕು ಅಂದಿದ್ದು ನಾನು," ಎಂದರು ಮೇಡಂ. ಅಧಿಕಾರದಲ್ಲಿರುವವರ ಬಾಯಲ್ಲಿ ಈ ಮಾತು ಕೇಳಿದ್ದೇ ಅಪರೂಪ, ಅದಕ್ಕೇ ಬರೆಯುತ್ತಿದ್ದೇನೆ. ಆದರೆ ಅವರೇನೂ ಕರಗಲಿಲ್ಲ. "ಎಂಟೂ ಎಸಿ. ನೆನಪಿನ ಮೇಲೆ ಇಲ್ಲಿ ನಂಬರ್ ಬರೆಯೋದಿಲ್ಲ. ಆ ಎಂಟು ಜನರ ಹತ್ರ ನೀನೇ ಹೋಗಿ ಇನ್ನೊಂದ್ಸಲ ರಕ್ತ ಕೇಳು. ಪತ್ರದ ಮಾತು ಆಮೇಲೆ."

ಕೇಳಿದಳು. ಹೊರರೋಗಿಗಳ ಬೆಂಚಿನಲ್ಲಿದ್ದ ಮುದುಕ ಡ್ರೈವರ್ ಹುಬ್ಬೇರಿಸಿದ. "ಹೋದ ವಾರ ಕೊಟ್ಟೆನಲ್ಲಮ್ಮ, ಕುಡಿದುಬಿಟ್ರಾ?"

"ಇಲ್ಲ ತಾತ. ನಿಮ್ಮ ನಂಬರ್ ನಾನು ಅಳಿಸಿಬಿಟ್ಟೆ."

ಆತ ನಕ್ಕು ಅಂಗಿಯ ತೋಳು ಮಡಚಿದ. "ಮತ್ತೆ ಅಳಿಸಿದ್ರೆ ನಿನ್ನ ತೋಳಿಂದಲೇ ರಕ್ತ ತಗೋ."

ಏಳು ಜನ ಕೊಟ್ಟರು. ಎಂಟನೆಯವರು, ಬಟ್ಟೆ ಹೊಲಿಯುವ ಹೆಂಗಸು, "ನನ್ನದೇನು ನಲ್ಲಿ ನೀರಾ?" ಎಂದು ಎದ್ದು ಹೋದರು. ಹೋಗುವ ಹಕ್ಕು ಅವರಿಗಿತ್ತು.

ರಿಜಿಸ್ಟರಿನ ಎಂಟನೆಯ ಸಾಲಿನಲ್ಲಿ ಹುಡುಗಿ, ಈಗ ಬೀಗದಿಂದ ಹೊರಬಂದ ಪೆನ್ನಿನಲ್ಲೇ, ಬರೆದಳು: ಟ್ರೈನಿಯ ತಪ್ಪಿನಿಂದ ಹಾಳಾಯಿತು, ರೋಗಿ ಮತ್ತೆ ಕೊಡಲು ಒಪ್ಪಲಿಲ್ಲ. ಮೇಡಂ ಓದಿ ಕೆಳಗೆ ಸಹಿ ಹಾಕಿದರು. "ಪತ್ರ ಕೊಡ್ತೀನಿ. ಆದ್ರೆ ಇದನ್ನೂ ಅದರಲ್ಲಿ ಬರೀತೀನಿ."

ಮನೆಯಲ್ಲಿ ಹುಡುಗಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. "ಅಂಥ ಪತ್ರ ಹಿಡ್ಕೊಂಡು ಹೋದ್ರೆ ಯಾರು ಸೇರಿಸ್ಕೋತಾರಮ್ಮ?"

"ಪೂರ್ತಿ ಓದೋ ತಾಳ್ಮೆ ಇರೋರು," ಎಂದರು ತಾಯಿ.

ಅಂಥವರು ಎಷ್ಟಿದ್ದಾರೆ ಎಂದು ಮಗಳು ಕೇಳಲಿಲ್ಲ. ಬಟ್ಟೆ ಎತ್ತಿಕೊಂಡು ಮೇಜು ಒರೆಸತೊಡಗಿದಳು.