ಎಣ್ಣೆ ಹತ್ತಿದ ಫೈಲುಗಳು

ಹುಮನಾಬಾದ್ ಕೋರ್ಟಿನಲ್ಲಿ ಸಿದ್ರಾಮಪ್ಪ ಸರ್ ಅವರ ಫೈಲನ್ನು ಹೆಸರು ನೋಡಿ ಹುಡುಕುವ ಅಗತ್ಯವಿರಲಿಲ್ಲ. ರಟ್ಟಿನ ಬಲ ಮೂಲೆಯಲ್ಲಿ ಕೊಬ್ಬರಿ ಎಣ್ಣೆಯ ಹೆಬ್ಬೆಟ್ಟು ಮೂಡಿರುತ್ತಿತ್ತು. ಕಳ್ಳತನದ ಕೇಸಿರಲಿ, ಹೊಡೆದಾಟದ ಕೇಸಿರಲಿ, ಎಲ್ಲವೂ ಘಮ್ಮೆನ್ನುತ್ತಿದ್ದವು.

ಸರ್ ಸರ್ಕಾರಿ ವಕೀಲರು. ಅವರ ಹೆಂಡತಿ ಸುನಂದಾ ಮೇಡಂ ಕೂಡ ಸರ್ಕಾರಿ ವಕೀಲರೇ, ಆದರೆ ಬಸವಕಲ್ಯಾಣದಲ್ಲಿ. ಮೇಡಂ ಬೆಳಗಿನ ಬಸ್ಸು ಹಿಡಿದು ಹೋದರೆಂದರೆ ಮಗಳು ಪಲ್ಲವಿಯ ಎರಡು ಜಡೆ ಸರ್ ಪಾಲಿಗೆ. ಸಂಜೆ ಮನೆಗೆ ಮೊದಲು ಮುಟ್ಟಿದವರು ರೊಟ್ಟಿ ಬಡಿಯಬೇಕೆಂಬುದು ಗಂಡ ಹೆಂಡತಿಯ ಒಪ್ಪಂದ. ಹಾಗಾಗಿ ಸರ್ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಬೇಕೆಂದೇ ಹೊತ್ತು ಕಳೆಯುತ್ತಿದ್ದರು. ಒಂದು ಸಂಜೆ ಅಲ್ಲೇ ಮೂಲೆಯ ಬೆಂಚಿನಲ್ಲಿ ಮೇಡಂ ಕೂಡ ಸಿಕ್ಕಿಬಿದ್ದರು. ಇಬ್ಬರೂ ಮುಖ ಸಣ್ಣದು ಮಾಡಿಕೊಂಡು ಮನೆಗೆ ಹೋದರೆ ಪಲ್ಲವಿಯೇ ಉಪ್ಪಿಟ್ಟು ಮಾಡಿಟ್ಟಿದ್ದಳಂತೆ.

ಎದುರು ಪಕ್ಷದ ವಕೀಲರೊಬ್ಬರು ಒಮ್ಮೆ ಆ ಎಣ್ಣೆ ಕಲೆ ತೋರಿಸಿ, ಸರ್ಕಾರದವರು ಫೈಲಿನ ಮೇಲೆಯೇ ಭಜಿ ತಿನ್ನುತ್ತಾರೆ ಎಂದು ನ್ಯಾಯಾಧೀಶರ ಮುಂದೆ ಚುಚ್ಚಿದರು. ಸರ್ ನಿಧಾನವಾಗಿ ಎದ್ದರು. "ಭಜಿ ಅಲ್ರಿ ಸರ್, ಮಗಳ ಜಡಿ. ಸಾಲಿ ಆಟೋ ಎಂಟೂವರಿಗಿ ಬರ್ತದ," ಎಂದರು. ನ್ಯಾಯಾಧೀಶರು ತಲೆ ತಗ್ಗಿಸಿ ಬಹಳ ಹೊತ್ತು ಏನೋ ಬರೆದರು. ನಗು ಮರೆಸುತ್ತಿದ್ದರೆಂದು ನನ್ನ ಗುಮಾನಿ.

ನಾನು ಪಕ್ಕದ ಕೋರ್ಟಿಗೆ ಹೊಸದಾಗಿ ಬಂದ ಸರ್ಕಾರಿ ವಕೀಲೆ. ಮಗ ಚಿನ್ನುಗೆ ಆಗ ನಾಲ್ಕು ವರ್ಷ. ಮನೆಯಲ್ಲಿ ಮಗುವಿದೆ ಎಂಬುದನ್ನೇ ಅಪರಾಧದಂತೆ ಮುಚ್ಚಿಡುತ್ತಿದ್ದೆ. ಹೆಣ್ಣುಮಕ್ಕಳಿಗೆ ಈ ಕೆಲಸ ಆಗಿಬರುವುದಿಲ್ಲ ಎಂದು ಯಾರಾದರೂ ಅಂದಾರೆಂಬ ಹೆದರಿಕೆ. ಅವನಿಗೆ ಜ್ವರ ಬಂದರೆ ಅರ್ಜಿಯಲ್ಲಿ ನನಗೆ ತಲೆನೋವು, ಅವನ ಶಾಲೆಯಲ್ಲಿ ಮೀಟಿಂಗ್ ಇದ್ದರೆ ನನಗೆ ಹೊಟ್ಟೆನೋವು. ನನ್ನ ರಜೆ ಅರ್ಜಿಗಳನ್ನು ಸಾಲಾಗಿ ಓದಿದವರು, ಪಾಪ, ಈಕೆ ಹೆಚ್ಚು ದಿನ ಉಳಿಯುವುದಿಲ್ಲ ಎಂದುಕೊಳ್ಳಬೇಕು. ಹೊಸ ಕಾಯಿಲೆ ಹೊಳೆಯದ ದಿನ ರಜೆಯನ್ನೇ ಕೇಳುತ್ತಿರಲಿಲ್ಲ. ಚಿನ್ನುವಿನ ಶಾಲೆಯ ಮೊದಲ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಹಾಗೆಯೇ ತಪ್ಪಿತು.

ಮರುವರ್ಷದ ಗ್ಯಾದರಿಂಗಿನ ನಾಟಕದಲ್ಲಿ ಅವನಿಗೆ ಬದನೆಕಾಯಿಯ ಪಾತ್ರ ಸಿಕ್ಕಿತು. "ಮಮ್ಮಿ, ಈ ಸಲಾನೂ ಬರಂಗಿಲ್ಲೇನು?" ಎಂದು ಕೇಳಿದ. ಅಂದು ಬ್ಯಾಗಿನಲ್ಲಿ ಎರಡು ಕಾಗದ ಇಟ್ಟುಕೊಂಡು ಕೋರ್ಟಿಗೆ ಹೋದೆ. ಒಂದು ಹೊಟ್ಟೆನೋವಿನ ಅರ್ಜಿ, ಅದು ನಡೆಯದಿದ್ದರೆ ಇರಲೆಂದು ಇನ್ನೊಂದು ರಾಜೀನಾಮೆ.

ಮೇಲಧಿಕಾರಿಗೆ ಕಳಿಸುವ ಮೊದಲು ಹಿರಿಯರೆಂದು ಸಿದ್ರಾಮಪ್ಪ ಸರ್‌ಗೆ ತೋರಿಸಿದೆ. ಸರ್ ಎರಡನ್ನೂ ಓದಿದರು. ರಾಜೀನಾಮೆಯನ್ನು ಮಡಚಿ ನನ್ನ ಕೈಗೇ ಕೊಟ್ಟರು. ಹೊಟ್ಟೆನೋವನ್ನು ಹರಿದರು.

"ದಿನಾ ಸಾಕ್ಷಿದಾರರಿಗೆ ಕಟಕಟಿಯೊಳಗ ನಿಂದ್ರಿಸಿ ಖರೇ ಹೇಳ್ರಿ ಅಂತೀವಿ. ನಾವೇ ಸುಳ್ಳ ಬರದ್ರ ಹ್ಯಾಂಗ, ತಂಗಿ? ಮಗ ಬದನಿಕಾಯಿ ಆಗ್ಯಾನ ಅಂತ ಬರೀರಿ. ನಿಮ್ಮ ಕೋರ್ಟ್ ನಾ ನೋಡ್ಕೋತೀನಿ."

ಹಾಗೆಯೇ ಬರೆದೆ. ಮರುದಿನ ಮೇಲಧಿಕಾರಿಯ ಫೋನು ಬಂತು. ಗಂಭೀರ ದನಿಯಲ್ಲಿ ಅವರು ಕೇಳಿದ್ದು ಇಷ್ಟೇ: ಬದನೆಕಾಯಿಗೆ ಮಾತುಗಳಿವೆಯೋ, ಸುಮ್ಮನೆ ನಿಂತಿರಬೇಕೋ. ರಜೆ ಸಿಕ್ಕಿತು. ಮುಂದಿನ ಸಾಲಿನಲ್ಲಿ ಕೂತ ನನ್ನನ್ನು ಕಂಡದ್ದೇ ತಡ, ಬದನೆಕಾಯಿ ತನ್ನ ಮಾತೆಲ್ಲ ಮರೆತು ಎರಡೂ ಕೈ ಬೀಸಿತು. ನಾನು ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟೆ.

ಹೋದ ವರ್ಷ ಸರ್‌ಗೆ ಕಲಬುರಗಿ ಕಡೆಗೆ ವರ್ಗವಾಯಿತು. ಕೊನೆಯ ದಿನ ಅವರ ಫೈಲುಗಳನ್ನು ನಾನೇ ವಹಿಸಿಕೊಂಡೆ. ಹಳೆಯವೆಲ್ಲ ಎಣ್ಣೆ ಕಲೆಯವು, ಈಚಿನ ಆರೇಳು ತಿಂಗಳಿನವು ಮಾತ್ರ ಸ್ವಚ್ಛ. ಯಾಕೆಂದು ಕೇಳಿದೆ. ಪಲ್ಲವಿ ಕಾಲೇಜು ಸೇರಿ ಕೂದಲನ್ನು ಭುಜದವರೆಗೆ ಕತ್ತರಿಸಿಕೊಂಡಿದ್ದಳು.

"ಈಗ ಮುಂಜಾನಿ ಟೈಮೇ ಟೈಮ್ ಅದ. ಪೇಪರ್ ಎರಡೆರಡು ಸಲ ಓದ್ತೀನಿ," ಎಂದು ನಕ್ಕರು. ಹೆಬ್ಬೆರಳು ಮಾತ್ರ ತೋರುಬೆರಳನ್ನು ಸುಮ್ಮಸುಮ್ಮನೆ ಉಜ್ಜುತ್ತಿತ್ತು.

ಮೇಜಿನ ಮೇಲಿದ್ದ ನನ್ನ ಫೈಲೊಂದಕ್ಕೆ ಚಿನ್ನುವಿನ ಊಟದ ಡಬ್ಬಿಯ ಅರಿಶಿನ ಹತ್ತಿತ್ತು. ನಾಚಿಕೆಯಾಗಿ ಕರ್ಚೀಫು ತೆಗೆದೆ. ಸರ್ ಕೈ ಅಡ್ಡ ಹಿಡಿದರು.

"ಒರಸಬ್ಯಾಡ್ರಿ, ತಂಗಿ. ಇಂಥಾ ಕಲೆ ಫೈಲಿಗಿ ಭಾಳ ವರ್ಷ ಹತ್ತಂಗಿಲ್ಲ."