ಹೆಣ್ಣುಮಕ್ಕಳ ಡಬ್ಬಿಯ ಹಲಗೆಗಳು

ಕಳೆದ ತಿಂಗಳು ನಮ್ಮ ಹಿತ್ತಲಿನ ಬಚ್ಚಲ ಮೇಲಿದ್ದ ಹಳೆಯ ಸಿಮೆಂಟ್ ಶೀಟು ಒಡೆಯಿತು. ಒಡೆದ ಅಂಚಿನಲ್ಲಿ ಬೂದು ಬಣ್ಣದ ನಾರು ಸಣ್ಣಗೆ ಎದ್ದು ನಿಂತಿತ್ತು. ಎತ್ತಿಡಲು ಕೈ ಚಾಚಿದವಳು ಹಾಗೇ ಹಿಂದಕ್ಕೆ ಎಳೆದುಕೊಂಡೆ. ಆ ನಾರನ್ನು ನಾನು ಮೊದಲು ಕಂಡದ್ದು ಕೊಪ್ಪಳ ಸ್ಟೇಷನ್ನಿನಲ್ಲಿ, ಅಕ್ಕೋರ ಸೆರಗಿನ ಮೇಲೆ...

ಎಂಬತ್ತರ ದಶಕದ ಆರಂಭದಲ್ಲಿ ನಾನು ಭಾನಾಪುರದ ಕಡೆಯ ಒಂದು ಶಾಲೆಗೆ ಹೊಸದಾಗಿ ಸೇರಿದ್ದೆ. ಅಕ್ಕೋರು ಅಲ್ಲಿ ಮುಖ್ಯೋಪಾಧ್ಯಾಯಿನಿ. ಊರಿನವರಿಗೆ ಅವರು ದೊಡ್ಡ ಅಕ್ಕೋರು, ನಾನು ಸಣ್ಣ ಅಕ್ಕೋರು. ಇಬ್ಬರೂ ಕೊಪ್ಪಳದಿಂದ ಬೆಳಗಿನ ಪ್ಯಾಸೆಂಜರ್ ಹಿಡಿಯುತ್ತಿದ್ದೆವು. ಮೀಟರ್‌ಗೇಜ್ ಗಾಡಿ, ಕೊನೆಗೆ ಹೆಣ್ಣುಮಕ್ಕಳ ಡಬ್ಬಿ. ಅದರಲ್ಲಿ ಗದಗಿನ ಸಂತೆಗೆ ಕಾಯಿಪಲ್ಲೆ, ಮೊಸರು, ಎಲೆ ಒಯ್ಯುವ ಹೆಂಗಸರು ಬುಟ್ಟಿಗಳ ನಡುವೆ ಕಾಲು ಮಡಚಿ ಕೂತಿರುತ್ತಿದ್ದರು.

ಅಕ್ಕೋರು ಆ ಡಬ್ಬಿಯನ್ನು ಶಾಲೆ ಮಾಡಿಕೊಂಡಿದ್ದರು. ಕೊಪ್ಪಳ ಬಿಟ್ಟು ಭಾನಾಪುರ ಮುಟ್ಟುವುದರೊಳಗೆ ಒಬ್ಬೊಬ್ಬರಿಗೆ ಒಂದೊಂದು ಅಕ್ಷರ. ಸ್ಲೇಟು ಸಾಲದಾದಾಗ ಸೀಟಿನ ಬೆನ್ನಿನ ಹಲಗೆಯೇ ಸ್ಲೇಟು. ಸೀಮೆಸುಣ್ಣ ಅಳಿಸಿಹೋಗುತ್ತದೆಂದು, ಪೂರ್ತಿ ಹೆಸರು ಬರೆಯಲು ಬಂದವಳು ಕುಡಗೋಲಿನ ತುದಿಯಿಂದ ಅದನ್ನು ಹಲಗೆಯಲ್ಲಿ ಕೊರೆಯುತ್ತಿದ್ದಳು. ಹುಲಿಗೆವ್ವ, ಫಕೀರವ್ವ, ಮಾಬಮ್ಮ, ಗವಿಸಿದ್ದವ್ವ... ಹೀಗೆ ಸೀಟಿನಿಂದ ಸೀಟಿಗೆ ಹೆಸರುಗಳು.

ಒಮ್ಮೆ ಟಿಕೆಟ್ ನೋಡುವ ಸಾಹೇಬರು ಕೂಗಾಡಿದರು. "ಸರಕಾರದ ಆಸ್ತಿ ಹಾಳ ಮಾಡಾಕತ್ತೀರಲ್ರಿ!"

ಅಕ್ಕೋರು ಎದ್ದು ನಿಂತರು. "ಹಾಳ ಅಲ್ರಿ ಸಾಹೇಬ್ರ, ಸಹಿ ಮಾಡ್ಯಾರ. ನಿನ್ನೆತನಕ ಹೆಬ್ಬಟ್ಟು ಒತ್ತತಿದ್ರು."

ಸಾಹೇಬರು ಓದುತ್ತಾ ಹೋಗಿ ಕೊನೆಗೆ ನಕ್ಕುಬಿಟ್ಟರು.

ನಾಲ್ಕೈದು ವರ್ಷ ಕಳೆಯಿತು. ಒಂದು ಸೋಮವಾರ ಗಾಡಿಗೆ ಬೇರೆ ಡಬ್ಬಿ ಬಂತು. ನಮ್ಮದು ಸ್ಟೇಷನ್ನಿನ ಆಚೆ, ಜಾಲಿಗಿಡಗಳ ಪಕ್ಕದ ಬಳಕೆಯಿಲ್ಲದ ಹಳಿಯ ಮೇಲೆ ನಿಂತಿತ್ತು. ಸೇವೆ ಮುಗಿದಿದೆ, ಗುಜರಿಗೆ ಹೋಗುತ್ತದೆ ಎಂದರು ಸ್ಟೇಷನ್ ಮಾಸ್ತರರು. ಆಗ ನಮ್ಮ ಶಾಲೆಯಲ್ಲಿ ಕೋಣೆ ಇಲ್ಲದೆ ಏಳನೆಯ ತರಗತಿ ಬೇವಿನ ಗಿಡದ ಕೆಳಗೆ ನಡೆಯುತ್ತಿತ್ತು. ಅಕ್ಕೋರಿಗೆ ಒಂದೇ ಯೋಚನೆ ಹೊಳೆಯಿತು: ಡಬ್ಬಿಯನ್ನು ಶಾಲೆಯ ಅಂಗಳಕ್ಕೆ ತರಬೇಕು, ಹೆಸರುಗಳ ಸಮೇತ. ಅರ್ಜಿ ಬರೆದರು. ಮೇಲಿನ ಕಚೇರಿಯಿಂದ "ನೋಡೋಣ" ಎಂಬ ಉತ್ತರ ಬಂತು. ಅವರಿಗೆ ಅದೇ ಒಪ್ಪಿಗೆಯಾಗಿ ಕಂಡಿತು.

ಎರಡು ಭಾನುವಾರ ನಾವಿಬ್ಬರೂ ಹೋಗಿ ಡಬ್ಬಿ ಗುಡಿಸಿದೆವು. ಚಾವಣಿಯ ಒಂದು ತಗಡು ಬಿಚ್ಚಿಕೊಂಡು, ಒಳಗಿನಿಂದ ಬೂದು ಬಣ್ಣದ ನಾರು ಉದುರುತ್ತಿತ್ತು. "ಹತ್ತಿ ತುಂಬ್ಯಾರೇನ ನೋಡ" ಎಂದು ಅಕ್ಕೋರು ಸೆರಗು ಕೊಡವಿದರು. ಇಬ್ಬರೂ ಕೆಮ್ಮಿದೆವು, ನಕ್ಕೆವು.

ಮೂರನೆಯ ವಾರ ಒಬ್ಬ ಎಂಜಿನಿಯರು ಬಂದರು. ಮೈಸೂರು ಕಡೆಯ ತರುಣ, ಮೃದು ಮಾತು. ಉದುರಿದ್ದನ್ನು ಕಂಡೊಡನೆ ಕರವಸ್ತ್ರವನ್ನು ಮೂಗಿಗೆ ಹಿಡಿದು ನಮ್ಮನ್ನು ಕೆಳಗಿಳಿಸಿದರು.

"ಇದು ಕಲ್ನಾರು, ಆಸ್ಬೆಸ್ಟಾಸ್ ಅಂತಾರಲ್ಲ ಅದು, ಮೇಡಂ. ಬಿಸಿಲು ತಡೆಯಲಿ ಅಂತ ಚಾವಣಿಗೂ ಗೋಡೆಗೂ ತುಂಬಿರ್ತಾರೆ. ಉಸಿರಲ್ಲಿ ಒಳಗೆ ಹೋದ್ರೆ ಹೊರಗೆ ಬರಲ್ಲ. ಎಷ್ಟೋ ವರ್ಷ ಆದ್ಮೇಲೆ ಶ್ವಾಸಕೋಶ ಹಾಳಾಗುತ್ತೆ."

"ಇಪ್ಪತ್ತು ವರ್ಷ ಇದರ ಕೆಳಗ ಕುಂತೀನ್ರಿ. ಒಬ್ಬರೂ ಹೇಳಲಿಲ್ಲಲ್ರಿ?" ಎಂದರು ಅಕ್ಕೋರು.

"ಮುಚ್ಚಿದ್ದಾಗ ಅಷ್ಟು ಅಪಾಯ ಇಲ್ಲ. ಈಗ ಬಿಚ್ಚಿಕೊಂಡಿದೆ."

"ಹಂಗಾದ್ರ ತಗಸಿ ಕೊಡ್ರಿ."

"ತೆಗೆಯೋಕೆ ತರಬೇತಿ ಆದವರು ಬೇಕು. ನಮ್ಮಲ್ಲಿ ಇಲ್ಲ ಮೇಡಂ."

ಆಮೇಲೆ ಪತ್ರಗಳ ಕಾಲ. ಕಲ್ನಾರು ತೆಗೆಯುವುದು ಯಾರ ಕೆಲಸ ಎಂದು ಕೇಳಿದರೆ ಒಂದು ಕಚೇರಿ ಇನ್ನೊಂದರ ಹೆಸರು ಹೇಳಿತು, ಅದು ಮೊದಲಿನದನ್ನೇ ತೋರಿಸಿತು. ಆರು ತಿಂಗಳು. ನಾನು ಕುದಿಯುತ್ತಿದ್ದೆ. "ಸುಮ್ನ ಎತ್ತಿಗೊಂಡು ಬರೂಣ್ರಿ ಅಕ್ಕೋರ, ಏನಾಗತೈತಿ?" ಎಂದೆ.

ಅವರು ಪತ್ರಗಳನ್ನೆಲ್ಲ ಜೋಡಿಸಿ ಬದಿಗಿಟ್ಟರು. "ಆ ಹುಡುಗ ಸುಳ್ಳ ಹೇಳ್ಯಾನಂತ ಅನಸಂಗಿಲ್ಲವಾ ನನಗ. ಮಂದಿ ಮಕ್ಕಳ ಉಸಿರಿನ ಮ್ಯಾಲೆ ನನ್ನ ಹಠ ನಡಸಾಕ ಬರತೈತೇನು?"

ಮರುದಿನ ತಾವೇ ಅರ್ಜಿ ಹಿಂದಕ್ಕೆ ಪಡೆದರು. ಡಬ್ಬಿ ಬೇಡ, ಹೆಸರು ಕೊರೆದ ಹಲಗೆಗಳನ್ನಷ್ಟೇ ಕೊಡಿ ಎಂದು ಬರೆದರು. ಅದಕ್ಕೂ ಉತ್ತರ ಬಂತು: ಹಲಗೆಯ ಬಣ್ಣದಲ್ಲಿ ವಿಷಕಾರಿ ಸೀಸವಿದೆ, ಸುಲಿದು ಉದುರುತ್ತಿದೆ, ಶಾಲೆಗೆ ಕೊಡಲಾಗದು. ಆ ಪತ್ರವನ್ನು ಅವರು ನಾಲ್ಕು ಸಲ ಓದಿದ್ದು ನನಗೆ ನೆನಪಿದೆ. ಓದಿ, ಮಡಚಿ, ಹಾಜರಿ ಕರೆಯಲು ಎದ್ದುಹೋದರು.

ಅದಾದ ಕೆಲವೇ ದಿನಗಳಿಗೆ, ಸಂಜೆ ಗಾಡಿ ಇಳಿದಾಗ ಜಾಲಿಗಿಡಗಳ ಕಡೆಯಿಂದ ಸುತ್ತಿಗೆಯ ಸದ್ದು ಕೇಳಿಸಿತು. ಗುತ್ತಿಗೆದಾರ ಕರೆತಂದ ಐದು ಜನ ಕೂಲಿ ಹೆಂಗಸರು ಡಬ್ಬಿ ಒಡೆಯುತ್ತಿದ್ದರು. ಮೂಗಿಗೆ ಬಟ್ಟೆ ಇಲ್ಲ, ಕೈಗೆ ಏನೂ ಇಲ್ಲ. ಚಾವಣಿಯ ನಾರನ್ನು ಬರಿಗೈಯಿಂದ ಎಳೆದೆಳೆದು ಹಾಕುತ್ತಿದ್ದರು. ತಲೆ, ಹುಬ್ಬು, ರೆಪ್ಪೆ ಎಲ್ಲ ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ ಬೆಳ್ಳಗಾಗಿದ್ದವು.

ಅಕ್ಕೋರು ಸ್ಟೇಷನ್ ಮಾಸ್ತರರ ಕೋಣೆಗೆ ನುಗ್ಗಿದರು. ಅವರು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ನಮಗ ಕೊಡಾಕ ವಿಷ, ಅವರು ಒಡಿಯಾಕ ವಿಷ ಅಲ್ಲೇನ್ರಿ?"

ಮಾಸ್ತರರು ತಲೆ ಎತ್ತಲಿಲ್ಲ. "ಅದು ಗುತ್ತಿಗೆದಾರಗ ಬಿಟ್ಟದ್ರಿ ಅಕ್ಕೋರ. ನನ್ನ ಕೈಯಾಗ ಏನೂ ಇಲ್ಲ."

ಅಕ್ಕೋರು ಮನೆಗೆ ಹೋಗಿ ತಮ್ಮ ಹಳೆಯ ಸೀರೆಯೊಂದನ್ನು ಹರಿದು, ಒದ್ದೆ ಮಾಡಿ ತಂದರು. ಒಬ್ಬೊಬ್ಬರನ್ನೂ ನಿಲ್ಲಿಸಿ ಮೂಗಿಗೆ ಕಟ್ಟಿದರು. ಹೆಂಗಸರು ಕಿಸಕ್ಕನೆ ನಕ್ಕರು, ಆದರೆ ಕಟ್ಟಿಸಿಕೊಂಡರು. ಪಕ್ಕದಲ್ಲಿ ಮೂರು ಕಲ್ಲಿನ ಒಲೆ. ಅದಕ್ಕೆ ಒಟ್ಟಿದ್ದ ಕಟ್ಟಿಗೆಯಲ್ಲಿ ಹುಲಿಗೆವ್ವನ ಅರ್ಧ ಹೆಸರು ಕಾಣುತ್ತಿತ್ತು.

"ಇದನ್ನ ಒಲಿಗೆ ಹಾಕಬ್ಯಾಡ್ರವಾ, ಬಣ್ಣದಾಗ ವಿಷ ಐತಿ. ಹೊಗಿ ಕುಡದೀರಿ."

"ಛಲೋ ಉರಿತೈತ್ರಿ ಅಕ್ಕೋರ," ಎಂದಳು ಅವರಲ್ಲಿ ಹಿರಿಯಳು. "ಇದನ್ನ ಬಿಟ್ರ ರೊಟ್ಟಿಗೆ ಕಟ್ಟಿಗಿ ಯಾರ ಕೊಡ್ತಾರ?"

ಮರುದಿನ ಇಬ್ಬರೂ ರಜೆ ಹಾಕಿದೆವು. ಅಕ್ಕೋರು ಒಂದು ಬಂಡಿ ಜಾಲಿ ಕಟ್ಟಿಗೆ ತರಿಸಿ ಅವರ ಒಲೆಯ ಮುಂದೆ ಇಳಿಸಿದರು. ಬದಲಿಗೆ ಉಳಿದ ಹಲಗೆಗಳನ್ನೆಲ್ಲ ಕೇಳಿದರು. ಹೆಂಗಸರು ಸಂತೋಷದಿಂದಲೇ ಕೊಟ್ಟರು. ಹೀಗೆ, ತಿಂಗಳುಗಟ್ಟಲೆ ಅರ್ಜಿ ಬರೆದರೂ ಸಿಗದ ಹಲಗೆಗಳು ಒಂದು ಬೆಳಗಿನಲ್ಲಿ ನಮ್ಮ ಕೈಗೆ ಬಂದವು. ಶಾಲೆಗೆ ಒಯ್ಯುತ್ತೇವೆ ಎಂದುಕೊಂಡೆ. ಅಕ್ಕೋರು ಆಳು ಕರೆದು ಜಾಲಿಗಿಡಗಳಾಚೆ ಆಳವಾದ ಗುಂಡಿ ತೋಡಿಸಿದರು.

"ಒಂದಾರ ಇಟ್ಟಗೋತೀನ್ರಿ," ಎಂದು ಮಾಬಮ್ಮನ ಹಲಗೆ ಹಿಡಿದುಕೊಂಡೆ. ಅಳು ಬಂದಿತ್ತು.

"ಬ್ಯಾಡವಾ," ಎಂದು ನನ್ನ ಕೈ ಬಿಡಿಸಿದರು. ಸೆರಗಿನಿಂದ ಹಿಡಿದು ಪ್ರತಿ ಹಲಗೆಯ ಹೆಸರನ್ನೂ ಗಟ್ಟಿಯಾಗಿ ಓದಿ, ಒಂದೊಂದಾಗಿ ಕೆಳಗಿಟ್ಟರು. ಮೂಗಿಗೆ ಬಟ್ಟೆ ಕಟ್ಟಿಕೊಂಡ ಐವರೂ ಬಂದು ಗುಂಡಿಯ ಸುತ್ತ ನಿಂತಿದ್ದರು. ಯಾರೂ ನಗಲಿಲ್ಲ. ಮಣ್ಣು ಮುಚ್ಚಿದ ಮೇಲೆ ಅಕ್ಕೋರು ಅವರೊಡನೆ ಕೂತು ರೊಟ್ಟಿ ತಿಂದರು. ನಾನು ಸಿಟ್ಟಿನಿಂದ ದೂರ ನಿಂತಿದ್ದೆ...

ಅಕ್ಕೋರು ಹೋಗಿ ಬಹಳ ವರ್ಷಗಳಾದವು. ವಯಸ್ಸಾಗಿತ್ತು, ಜ್ವರ ಬಂದು ಹೋದರು. ಆ ಧೂಳು ಎದೆಯೊಳಗೆ ಏನಾದರೂ ಮಾಡಿತ್ತೋ ಏನೋ, ಯಾರೂ ನೋಡಲಿಲ್ಲ. ಈಗ ಅಲ್ಲಿ ಬ್ರಾಡ್‌ಗೇಜಿನ ದೊಡ್ಡ ಹಳಿ ಬಂದಿದೆ. ಜಾಲಿಗಿಡಗಳ ಜಾಗ ಯಾವುದೆಂದು ನನಗೇ ತಿಳಿಯುವುದಿಲ್ಲ. ಹಲಗೆಗಳು ಹೋದ ಸಂಕಟ ಹೇಗೋ ತಣ್ಣಗಾಗಿದೆ. ತಣ್ಣಗಾಗದೆ ಉಳಿದದ್ದು ಬೇರೆ. ಆ ಐವರು ಕುಷ್ಟಗಿ ಕಡೆಯವರು ಎಂಬುದಷ್ಟೇ ಗೊತ್ತು. ಯಾರು ಇದ್ದಾರೆ, ಯಾರು ಕೆಮ್ಮಿ ಕೆಮ್ಮಿ ಹೋದರು, ಹುಡುಕಿಕೊಂಡು ಹೋಗಿ ಕೇಳೋಣವೆಂದರೆ ಒಬ್ಬಳ ಹೆಸರೂ ನನಗೆ ತಿಳಿಯದು. ರೊಟ್ಟಿ ತಿನ್ನುತ್ತಾ ಅಕ್ಕೋರು ಹೆಸರು ಕೇಳಿರುತ್ತಾರೆ. ನಾನು ದೂರ ನಿಂತಿದ್ದೆ.