ಕಪ್ ಖಾಲಿ ಆಗುವ ತನಕ

ಮೂಡಲಗಿಯಲ್ಲಿ ನನ್ನ ಹೊಲಿಗೆ ಅಂಗಡಿಯ ಮೇಲೊಂದು ಕೋಣೆ ಇದೆ. ಕೆಟ್ಟುಹೋದ ಮಷಿನ್ನು, ಯಾರೋ ಹೊಲಿಯಲು ಕೊಟ್ಟು ಮರೆತ ಬ್ಲೌಸುಗಳು, ನಾಲ್ಕಾರು ಇಲಿಗಳು ಅಲ್ಲಿ ಸಂಸಾರ ಹೂಡಿದ್ದವು. ಸುಮನ ಎಂಬ ಹುಡುಗಿ ಬಂದು, ಆ ಕೋಣೆ ಬಾಡಿಗೆಗೆ ಕೊಡಿ, ಇಂಗ್ಲಿಷ್ ಮಾತಾಡುವ ಕ್ಲಾಸು ನಡೆಸುತ್ತೇನೆ ಎಂದಾಗ ನಾನು ಮುಖದ ಮೇಲೆಯೇ ನಕ್ಕೆ. ಈ ಊರಲ್ಲಿ ಕನ್ನಡ, ಮರಾಠಿ, ಉರ್ದು ಮೂರನ್ನೂ ಕಲಸಿ ಮಾತಾಡಿದರೂ ಒಂದು ಎಮ್ಮೆಯ ವ್ಯಾಪಾರ ಕುದುರುವುದಿಲ್ಲ. ಇನ್ನು ಇಂಗ್ಲಿಷು ಯಾರ ಹೊಟ್ಟೆಗೆ?

"ಬೇಕಾಗತೈತ್ರಿ ಆಪಾ," ಅಂದಳು ಆಕೆ, ಸ್ವಲ್ಪವೂ ಅಳುಕದೆ. "ಮೊದಲ ನೀವ ಬರ್ರಿ. ನಿಮಗ ಫೀ ಇಲ್ಲ."

ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಪೈಕಿ ನಾನು. ಹಾಗಾಗಿ ಶಹನಾಜಬಿ ಎಂಬ ಈ ದರ್ಜಿ ಹೆಂಗಸು, ಮೊಮ್ಮಕ್ಕಳಿರುವ ವಯಸ್ಸಿನಲ್ಲಿ, ಆ ಕ್ಲಾಸಿನ ಮೊದಲ ವಿದ್ಯಾರ್ಥಿನಿಯಾದಳು.

ಸುಮನ ಮಸಗುಪ್ಪಿಯವಳು. ತಾಯಿ ಉದ್ದವ್ವ ಕಬ್ಬಿನ ಹೊಲ, ಅರಿಷಿಣದ ಹೊಲ ಎನ್ನದೆ ಕೂಲಿ ಮಾಡಿ ಮಗಳನ್ನು ಗೋಕಾಕದ ಕಾಲೇಜಿನವರೆಗೆ ಓದಿಸಿದವಳು. ಓದು ಮುಗಿದ ಮೇಲೆ ಸುಮನ ಸಂಕೇಶ್ವರದ ಹತ್ತಿರ ಹೈವೇ ಪಕ್ಕದ ದೊಡ್ಡ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿದಳು. ಪುಣೆಗೂ ಬೆಂಗಳೂರಿಗೂ ಓಡಾಡುವ ಕಾರಿನವರು ಅಲ್ಲಿ ಇಳಿದ ಕೂಡಲೇ ಕೇಳುವುದು ಕುಡಿಯಲು. "ಊಟಕ್ಕ ಬೆರಳ ಮಾಡಿ ತೋರ್ಸಿದ್ರ ನಡೀತೈತ್ರಿ, ಕುಡಿಯೂದಕ್ಕ ಮಾತ ಬೇಕು," ಎನ್ನುತ್ತಿದ್ದಳು. ಸಕ್ಕರೆ ಹಾಕಿದ್ದೋ ಹಾಕದ್ದೋ, ಹಾಲು ಬೇರೆ ತರಲೋ, ಐಸು ಬೇಕೋ, ಸ್ಟ್ರಾಂಗೋ ಲೈಟೋ. ಅವರು ಕೇಳಿ ಕೇಳಿ, ಇವಳು ಕೊಟ್ಟು ಕೊಟ್ಟು, ಇಂಗ್ಲಿಷು ಆಕೆಗೆ ನೀರು ಕುಡಿದಷ್ಟು ಸಲೀಸಾಯಿತು. ಆಮೇಲೊಂದು ದಿನ, ಇನ್ನೊಬ್ಬರ ಟೇಬಲ್ಲಿನ ಪಕ್ಕ ನಿಂತದ್ದು ಸಾಕು, ಇನ್ನು ಕಲಿಸುತ್ತೇನೆ ಎಂದು ಕೆಲಸ ಬಿಟ್ಟು ಬಂದಳು. ಯಾರನ್ನೂ ಕೇಳಲಿಲ್ಲ. ನನಗೆ ಆಕೆ ಹಿಡಿಸಿದ್ದೇ ಅದಕ್ಕೆ.

ಹಾಗಾಗಿ ಆಕೆಯ ಮೊದಲ ಪಾಠ ಕುಡಿಯುವುದರದ್ದೇ. ಸಿಪ್ ಎಂದರೆ ಗುಟುಕು ಗುಟುಕಾಗಿ ಕುಡಿಯುವುದು, ಗಲ್ಪ್ ಎಂದರೆ ಗಟಗಟ ಏರಿಸುವುದು, ಥರ್ಸ್ಟಿ ಎಂದರೆ ಬಾಯಾರಿದವರು. ಲ್ಯೂಕ್‌ವಾರ್ಮ್ ಎಂದರೆ ಉಗುರುಬೆಚ್ಚಗಿನದು, ಅಂದರೆ ನನ್ನ ಸೊಸೆ ಕೊಡುವ ಚಹಾ. ಲೋಟಕ್ಕೆ ಸುರಿಯುವವರು 'ಸೇ ವೆನ್' ಎನ್ನಬೇಕಂತೆ. ಸಾಕೆನಿಸಿದಾಗ ಕುಡಿಯುವವರು 'ವೆನ್' ಎನ್ನಬೇಕಂತೆ. ಇದನ್ನು ಕೇಳಿ ನಾವೆಲ್ಲ ನಕ್ಕೆವು. ನಮ್ಮಲ್ಲಿ ಲೋಟದ ಮೇಲೆ ಅಂಗೈ ಮುಚ್ಚಿ "ಸಾಕ್ರೀ ಸಾಕ್ರೀ" ಎಂದು ಕೂಗಿದರೂ ಬೆರಳಿನ ಸಂದಿಯಿಂದ ಸುರಿಯುತ್ತಾರೆ.

ಟಂಟಂ ಆಟೋ ಓಡಿಸುವ ಶಿವಪುತ್ರನಿಗೆ ಮಾತ್ರ, ಏನು ಕುಡಿಯುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಲು ಬಾಯಿಯೇ ಬರುತ್ತಿರಲಿಲ್ಲ.

"ಕೇಳಿದ್ರ ಕೊಡೂ ಮನಸಿಲ್ಲಂತ ತಿಳೀತಾರ್ರಿ ಟೀಚರ್," ಎಂದು ತಲೆ ಕೆರೆದುಕೊಂಡ.

"ಇಂಗ್ಲಿಷನ್ಯಾಗ ಕೇಳಣ್ಣಾ, ನಮ್ಮ ಭಾಷಾದಾಗ ಸುರಿ," ಅಂದಳು ಸುಮನ.

ಬೇಡ ಎನ್ನುವುದನ್ನೂ ಆಕೆಯೇ ಕಲಿಸಿದಳು. ನಾವು ಬೇಡ ಎಂದರೆ ಇನ್ನೊಮ್ಮೆ ಹೇಳಲಿ ಎಂದರ್ಥ. ಇಂಗ್ಲಿಷಿನವರು ಬೇಡ ಎಂದರೆ ಬೇಡ. "ನೋ, ಥ್ಯಾಂಕ್ಯೂ. ಐ ಹ್ಯಾವ್ ಜಸ್ಟ್ ಹ್ಯಾಡ್ ಟೀ." ಈಗಷ್ಟೇ ಚಹಾ ಕುಡಿದೆ ಎನ್ನುವ ಈ ಮಾತನ್ನು ಬೀಜ-ಗೊಬ್ಬರದ ಅಂಗಡಿಯ ಬಸವಲಿಂಗ ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದ. ಕಂಪನಿಯ ದೊಡ್ಡವರು ಅಂಗಡಿಗೆ ಬಂದರೆ ಇಂಗ್ಲಿಷಿನಲ್ಲಿ ಮಾತಾಡಬೇಕೆಂಬ ಆಸೆ ಅವನಿಗೆ. ಕ್ಲಾಸಿನ ಜಾಣ ಅವನೇ. ಅದು ಅವನಿಗೂ ಗೊತ್ತಿತ್ತು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಗೊತ್ತಿತ್ತು.

ಕ್ಲಾಸಿಗೊಂದು ಕಾನೂನಿತ್ತು. ರವಿವಾರಕ್ಕೊಬ್ಬರ ಮನೆಯಲ್ಲಿ ಪಾಠ. ಆ ಮನೆಯವರು ಏನಾದರೂ ಕುಡಿಯಲು ಕೊಡಬೇಕು, ಮತ್ತು ಎಲ್ಲರ ಕಪ್ ಖಾಲಿ ಆಗುವ ತನಕ ಯಾರೂ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಬಾರದು. ಕನ್ನಡ ಮಾತಾಡುವ ಆತುರಕ್ಕೆ ನಾಲಿಗೆ ಸುಟ್ಟುಕೊಂಡವರಿಗೆ ಲೆಕ್ಕವಿಲ್ಲ. ನಮ್ಮ ಮನೆಯಲ್ಲಿ ಸಬ್ಜಾ ಬೀಜದ ಶರಬತ್ತು ಆಯಿತು. ಶಿವಪುತ್ರನ ಮನೆಯಲ್ಲಿ ಕಬ್ಬಿನ ಹಾಲು. ಬಸವಲಿಂಗನ ಮನೆಯಲ್ಲಿ ಬೆಳ್ಳಿ ಲೋಟದಲ್ಲಿ ಬಾದಾಮಿ ಹಾಲು. ಅವನ ತಾಯಿ ಒಳಗಿನಿಂದ ಇಣುಕಿ ಇಣುಕಿ ಯಾರ್ಯಾರು ಬಂದಿದ್ದಾರೆಂದು ನೋಡುತ್ತಿದ್ದರು. ಆ ದಿನ ಸುಮನಳಿಗೆ ಮಾತ್ರ ಸ್ಟೀಲಿನ ಲೋಟ ಬಂತು. ಬೆಳ್ಳಿ ಲೋಟ ಕಡಿಮೆ ಬಿದ್ದಿರಬೇಕೆಂದುಕೊಂಡೆ. ಸುಮನ ಕುಡಿದು, ಬಾದಾಮಿ ಹಾಲನ್ನು ಇಂಗ್ಲಿಷಿನಲ್ಲಿ ಹೊಗಳಿ, ಎದ್ದಳು.

ಕೊನೆಯ ರವಿವಾರ ಮಸಗುಪ್ಪಿಯಲ್ಲಿ, ತನ್ನ ಅವ್ವನ ಮನೆಯಲ್ಲಿ ಎಂದು ಸುಮನ ಹೇಳಿದಾಗ ಎಲ್ಲರೂ ಹೂಂ ಎಂದರು. ಬಸವಲಿಂಗ ಸ್ವಲ್ಪ ತಡೆದು ಹೂಂ ಎಂದ.

ಹಿಂದಿನ ದಿನ ಸಂಜೆ ಆಕೆ ನನ್ನ ಅಂಗಡಿಗೆ ಬಂದು, ಹೊಸ ಕಪ್-ಬಶಿಗಳ ಪೆಟ್ಟಿಗೆಯನ್ನು ಕತ್ತರಿಸುವ ಟೇಬಲ್ಲಿನ ಮೇಲಿಟ್ಟಳು. ಬಿಳಿ ಬಣ್ಣದ ಕಪ್‌ಗಳು, ಅಂಚಿಗೆ ನೀಲಿ ಗೆರೆ.

"ನಮ್ಮ ಮನಿಗಿ ಭಾಳ ಮಂದಿ ಬಂದಾರ್ರಿ ಆಪಾ," ಅಂದಳು. "ಸಾಲಿ ಗೆಳತ್ಯಾರು, ಕಾಲೇಜಿನಾವ್ರು. ಒಬ್ಬಾಕಿಗಿ ಉಪಾಸ, ಒಬ್ಬಾಕಿಗಿ ಪಿತ್ತ, ಒಬ್ಬಾಕಿ ಈಗಷ್ಟ ಕುಡದ ಬಂದಿರ್ತಾಳ. ನಮ್ಮವ್ವ ಮಾಡಿದ ಚಾ ಆರಿ ಹೋಗಿರ್ತೈತಿ. ನಮ್ಮವ್ವ ಕೂಲಿಗಿ ಹೋಗ್ತಿದ್ಲಲ್ಲ, ಆ ಸಾವ್ಕಾರ್ರ ಮನ್ಯಾಗ ಆಕಿ ಕಪ್ ದನದ ಕೊಟಗಿ ಗ್ವಾಡಿ ಸಂದ್ಯಾಗ ಇರ್ತಿತ್ತ್ರಿ. ಚಾ ಕುಡದು, ತಾನ ತೊಳದು, ಮತ್ತ ಅಲ್ಲೇ ಇಡಬೇಕ ಆಕಿ."

ನಾನು ಕತ್ತರಿ ಕೆಳಗಿಟ್ಟೆ. ಇಷ್ಟು ದಿನ ಆಕೆ ಹೇಳಿಕೊಟ್ಟ ಆ ಬೇಡ ಎನ್ನುವ ಪಾಠ ಆಕೆಗೆ ಎಷ್ಟು ಹಳೆಯ ಪಾಠ ಎಂದು ಆಗ ತಿಳಿಯಿತು.

"ನಾಳೆ ಎಲ್ಲಾರೂ ಕುಡದ್ರ ಸಾಕು. ನಮ್ಮವ್ವನ ಎದರಿಗಿ. ಅಷ್ಟ."

ರವಿವಾರ ಬೆಳಿಗ್ಗೆ ಎಲ್ಲರೂ ಶಿವಪುತ್ರನ ಟಂಟಂನಲ್ಲೇ ತುಂಬಿಕೊಂಡು ಹೋದೆವು, ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ. ಉದ್ದವ್ವನದು ಎರಡು ಖೋಲಿಯ ಚೊಕ್ಕ ಮನೆ. ಗೋಡೆಯ ಮೇಲೆ ಬುದ್ಧನ ಫೋಟೋ, ಕೆಳಗೆ ಚಾಪೆ. ಉದ್ದವ್ವ ಗಟ್ಟಿ ಹೆಂಗಸು. ಕೈ ನೋಡಿದರೆ ಕುಡುಗೋಲು ಹಿಡಿದ ಕೈ ಎಂದು ಗೊತ್ತಾಗುತ್ತದೆ. ಆಕೆ ಯಾರನ್ನೂ ಏನೂ ಕೇಳಲಿಲ್ಲ. ಯಾಲಕ್ಕಿ ಜಜ್ಜಿ ಹಾಕಿದ ಚಹಾವನ್ನು ನೀಲಿ ಗೆರೆಯ ಕಪ್ಪುಗಳಲ್ಲಿ ತುಂಬಿ ತಂದು ಒಬ್ಬೊಬ್ಬರ ಮುಂದೆ ಇಟ್ಟಳು. ಕಾನೂನು ಶುರುವಾಯಿತು.

ಶಿವಪುತ್ರ ಗಲ್ಪ್ ಮಾಡಿದ. ನಾನು ಸಿಪ್ ಮಾಡಿದೆ. ಬಸವಲಿಂಗ ಕಪ್ಪನ್ನು ಎರಡು ಬೆರಳಿನಿಂದ ಮೆಲ್ಲಗೆ ಆಚೆ ಸರಿಸಿ, ನಕ್ಕು, ಒಂದಕ್ಷರವೂ ತಪ್ಪದಂತೆ ಹೇಳಿದ:

"ನೋ, ಥ್ಯಾಂಕ್ಯೂ. ಐ ಹ್ಯಾವ್ ಜಸ್ಟ್ ಹ್ಯಾಡ್ ಟೀ."

ನನ್ನ ಮೈಯೆಲ್ಲ ಉರಿಯಿತು. ಆ ಮಾತನ್ನು ಕಲಿಸಿದವಳ ಮನೆಯಲ್ಲಿ, ಆಕೆಯ ತಾಯಿಯ ಕಪ್ಪಿನ ಮುಂದೆ, ಅದನ್ನೇ ತಿರುಗಿಸಿ ಬಿಟ್ಟನಲ್ಲ! ಬೈಯೋಣವೆಂದರೆ ಕಾನೂನು ಅಡ್ಡ. ನನಗೆ ಬರುವ ಬೈಗುಳವೆಲ್ಲ ದಖನಿ ಉರ್ದುವಿನವು.

ಸುಮನ ಮಾತ್ರ ಕದಲಲಿಲ್ಲ. ಪಾಠ ನಡೆಸುವ ದನಿಯಲ್ಲೇ ಇಂಗ್ಲಿಷಿನಲ್ಲಿ ಕೇಳಿದಳು: ಎಲ್ಲಿ ಕುಡಿದಿರಿ? ಬಸ್‌ಸ್ಟ್ಯಾಂಡಿನಲ್ಲಿ, ಅಂದ. ಯಾವಾಗ? ಈಗ. ಯಾರ ಜೊತೆ? ಅವನು ಶಿವಪುತ್ರನ ಕಡೆ ನೋಡಿದ. ಶಿವಪುತ್ರ ಕಪ್ಪಿನೊಳಗೆ ಮುಖ ಹಾಕಿದ. ಆ ಚಹಾ ಹೇಗಿತ್ತು, ಬಿಸಿಯೋ ತಣ್ಣಗೋ? ಕ್ಲಾಸಿನ ಜಾಣನಿಗೆ ಹಾಟ್, ಕೋಲ್ಡ್ ಎರಡೂ ಮರೆತುಹೋದವು.

ಉಳಿದವರ ಕಪ್‌ಗಳು ಖಾಲಿಯಾದವು, ಅವನದು ತುಂಬಿಯೇ ಇತ್ತು. ಆದ್ದರಿಂದ ಯಾರೂ ಕನ್ನಡ ಮಾತಾಡುವಂತಿಲ್ಲ. ಇಂಗ್ಲಿಷಿನಲ್ಲಿ ಆಡಲು ಯಾರ ಬಳಿಯೂ ಮಾತಿಲ್ಲ. ಸುಮನಳ ದನಿ ಗಟ್ಟಿಯಿತ್ತು, ಆದರೆ ಮಡಿಲಲ್ಲಿದ್ದ ಬೆರಳುಗಳು ಸೆರಗಿನ ಅಂಚನ್ನು ಹಿಂಡುತ್ತಿದ್ದುದು ಪಕ್ಕದಲ್ಲಿದ್ದ ನನಗೆ ಕಾಣುತ್ತಿತ್ತು. ಚಹಾದ ಮೇಲೆ ಕೆನೆ ಕಟ್ಟತೊಡಗಿತು.

ಉದ್ದವ್ವ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಆಕೆಗೆ ಇಂಗ್ಲಿಷು ಬರುವುದಿಲ್ಲ, ಆದರೆ ಸರಿಸಿದ ಕಪ್ಪು ಯಾವ ಭಾಷೆಯಲ್ಲಾದರೂ ಗೊತ್ತಾಗುತ್ತದೆ. ಬಂದು ಬಸವಲಿಂಗನ ಎದುರು ಕುಕ್ಕರಗಾಲಲ್ಲಿ ಕೂತಳು. ಅವನ ಕಪ್ಪು ಎತ್ತಿದಳು, ಬಶಿಗೆ ಸುರಿದುಕೊಂಡಳು, ಸೊರ್ರೆಂದು ಪೂರ್ತಿ ಕುಡಿದಳು.

"ಚಲೋ ಆಗೇತಿ," ಅಂದಳು. "ಒಲ್ಲೆಂದಾಂವಗ ಯಾಕ ಬಲವಂತ? ಚಾ ಹಾಳ ಮಾಡಬಾರದು. ತಗೋರಿ, ಕಪ್ ಖಾಲಿ ಆತು. ಇನ್ನ ಬಾಯಿ ಬಿಚ್ರಿ ಎಲ್ಲಾರೂ."

ಮೊದಲು ಬಿಚ್ಚಿದ್ದು ನನ್ನ ಬಾಯಿ. "ಬಸವಲಿಂಗಾ, ನಮ್ಮ ಮನ್ಯಾಗ ಶರಬತ್ತ ಗಟಗಟ ಕುಡದಿ. ಎಲ್ಡನೇ ಗ್ಲಾಸ್ ಕೇಳಿ ಇಸ್ಕೊಂಡಿ. ಇಲ್ಲೇನಾತೋ ನಿನಗ?"

ಅವನು ತಲೆ ತಗ್ಗಿಸಿದ. ಇಂಗ್ಲಿಷಿನಲ್ಲಿ ಅಷ್ಟು ಸಲೀಸಾಗಿ ಬಂದ ಸುಳ್ಳು ಕನ್ನಡದಲ್ಲಿ ಬರಲಿಲ್ಲ. "ನನಗೇನಿಲ್ರಿ ಆಪಾ," ಎಂದು ಗೊಣಗಿದ. "ಮನ್ಯಾಗ ಅವ್ವಗ ಗೊತ್ತಾದ್ರ..."

"ನಿಮ್ಮವ್ವಗ ಕುಡಿ ಅಂದಿಲ್ಲಲ್ಲೋ ತಮ್ಮಾ ನಾ," ಅಂದಳು ಉದ್ದವ್ವ.

ಶಿವಪುತ್ರ ಕಿಸಕ್ಕೆಂದು ನಕ್ಕುಬಿಟ್ಟ. ನಾನೂ ನಕ್ಕೆ. ಬಸವಲಿಂಗ ಮಾತ್ರ ನಗಲಿಲ್ಲ. ಎದ್ದು ಚಪ್ಪಲಿ ಮೆಟ್ಟಿದ, ಅಂಗಳದವರೆಗೂ ಹೋದ. ಹೋದರೆ ಹೋಗಲಿ, ಟಂಟಂನಲ್ಲಿ ಜಾಗ ಸಡಿಲಾಗುತ್ತದೆ ಎಂದುಕೊಂಡೆ. ಸುಮನ ಕರೆಯಲಿಲ್ಲ. ಮುಂದಿನ ಪಾಠ ಶುರುಮಾಡಿದಳು.

ಸ್ವಲ್ಪ ಹೊತ್ತಿನ ಮೇಲೆ ಹೊಸ್ತಿಲಲ್ಲಿ ಅವನ ನೆರಳು ಬಿತ್ತು. ಚಪ್ಪಲಿ ಕಳಚಿ ಒಳಗೆ ಬಂದು ಮೊದಲಿನ ಜಾಗದಲ್ಲೇ ಕೂತ.

"ಆಯಿ," ಅಂದ ಉದ್ದವ್ವನಿಗೆ. "ಚಾ ಕೊಡ್ರಿ ನನಗ."

"ಹಾಲ ತೀರೇತಲ್ಲೋ," ಅಂದಳು ಆಕೆ. "ಬರೇ ಕರೀ ಚಾ ಐತಿ."

"ನಡೀತೈತ್ರಿ. ಅದನ್ನ ಕೊಡ್ರಿ."

ಸುಮನ ತಾನೇ ಎದ್ದು ಕಿಟ್ಲಿ ತಂದಳು. ಬಗ್ಗಿ, ಅವನ ಮುಂದಿನ ಕಪ್ಪಿಗೆ ಸುರಿಯುತ್ತಾ, "ಸೇ ವೆನ್," ಅಂದಳು. ಅವನು 'ವೆನ್' ಎನ್ನಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಆಕೆ ಸುರಿಯುವುದನ್ನು ನಿಲ್ಲಿಸಲಿಲ್ಲ. ಚಹಾ ಅಂಚಿನ ನೀಲಿ ಗೆರೆಗೆ ಬಂತು, ದಾಟಿತು, ಬಶಿಗೆ ಇಳಿಯಿತು.

"ಏ, ಸಾಕ ಮಾಡಽ! ಚಾಪಿ ಮ್ಯಾಲ ಚೆಲ್ಲಾಕತ್ತೇತಿ!" ಎಂದು ಉದ್ದವ್ವ ಕೂಗಿದ ಮೇಲೆಯೇ ಸುಮನಳ ಕೈ ನಿಂತದ್ದು. ಆಕೆಯ ಕಣ್ಣು ತುಂಬಿ ಕಪ್ ಕಾಣುತ್ತಲೇ ಇರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು.

ಬಸವಲಿಂಗ ಮೊದಲು ಬಶಿಯದನ್ನು ಕುಡಿದ, ಆಮೇಲೆ ಕಪ್ಪಿನದನ್ನು. ಕಹಿ ಇದ್ದಿರಬೇಕು, ಆದರೂ ಮುಖ ಸಿಂಡರಿಸಲಿಲ್ಲ. ಕುಡಿದವನೇ ಕಪ್-ಬಶಿ ಹಿಡಿದುಕೊಂಡು ಎದ್ದು ಹಿತ್ತಲಿನ ನೀರಿನ ಬಾನಿಯತ್ತ ನಡೆದ. ತಾನೇ ತೊಳೆದಿಡುವ ಮನಸ್ಸು ಅವನದು. ಅದೊಂದು ಒಳ್ಳೆಯತನವೆಂದೇ ಭಾವಿಸಿದ್ದನೇನೋ.

ಉದ್ದವ್ವ ದಾಪುಗಾಲು ಹಾಕಿ ಹೋಗಿ ಅವನ ಕೈಯಿಂದ ಕಪ್ಪು ಕಸಿದುಕೊಂಡಳು.

"ಇಡೋ ಅದನ್ನ. ನಮ್ಮನ್ಯಾಗ ಚಾ ಕುಡದಾವ್ರ ಕಡಿಂದ ಕಪ್ ತೊಳಸೂ ಪದ್ಧತಿ ಇಲ್ಲ."